ಷರಾ ಅಂಕಣದಲ್ಲಿ ನನ್ನ ಅಕ್ಷರ

ಕೊಪ್ಪ
೧೪ ನವೆಂಬರ್ ೨೦೨೪

ಚಿ. ಸೌ. ಪವಿತ್ರಾಳಿಗೆ,

ಅಪ್ಪಯ್ಯನ ಆಶೀರ್ವಾದಗಳು. ನಾನೂ ನಿನ್ನ ಅಮ್ಮನೂ ಆರೋಗ್ಯವಾಗಿದ್ದೇವೆ. ನೀನೂ ಮಗುವೂ ಹೇಗಿದ್ದೀರೆಂದು ಕೇಳಲು ಮೂರು ತಿಂಗಳು ತಡಮಾಡಿದೆ, ಕ್ಷಮಿಸು. 'ಮಗುವಿಗೆ ಡೌನ್ ಸಿಂಡ್ರೋಮ್ ಇದೆ, ಅಪ್ಪಯ್ಯ' ಎಂದು ನೀನು ಆಸ್ಪತ್ರೆಯಿಂದ ತಿಳಿಸಿದ ದಿನದ ಮಾತಿನ ನಂತರ ನೀನು ನನ್ನ ಫೋನ್ ಎತ್ತಲಿಲ್ಲ. ನಾನೂ ಎರಡನೆಯ ಸಲ ಮಾಡಲಿಲ್ಲ.

ನಿನ್ನೆ ಒಂದು ಘಟನೆ ನಡೆಯಿತು.

ಚಪ್ಪಲಿ ಅಂಗಡಿಯ ಅಫ್ರೋಜ್ ಮನೆಗೆ ಬಂದಿದ್ದ. ಅವನ ಅಕ್ಕ ಅನೀಸಾಳಿಗೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಲು ಹುಟ್ಟಿದ ದಿನಾಂಕದ ದಾಖಲೆ ಬೇಕಂತೆ. 'ಶಾಲೇಲಿ ಹಳೇ ಪುಸ್ತಕ ಯಾರಿಗೂ ಸಿಗ್ತಿಲ್ಲ ಸಾರ್. ನೀವೇ ಒಂದ್ಸಲ ಬನ್ನಿ ಮಾರಾಯ್ರೆ' ಎಂದ. ಅಕ್ಕ ತಮ್ಮ ಇಬ್ಬರ ಜೊತೆ ನನ್ನ ಹಳೆಯ ಶಾಲೆಗೆ ಹೋದೆ. ೧೯೮೮ರ ದಾಖಲಾತಿ ಪುಸ್ತಕವನ್ನು ಐದೇ ನಿಮಿಷದಲ್ಲಿ ಹುಡುಕಿದೆ. ಶಾಯಿ ಮಾಸಿರಲಿಲ್ಲ. ಆ ಹೆಮ್ಮೆಯಲ್ಲಿ, ತರಗತಿಯಲ್ಲಿ ಓದುವಂತೆ, ಗಟ್ಟಿಯಾಗಿ ಓದಿದೆ: ಹೆಸರು, ತಂದೆ ಅತಾವುಲ್ಲಾ, ಜನ್ಮದಿನಾಂಕ. ದನಿ ನಿಲ್ಲದೆ ಷರಾ ಅಂಕಣಕ್ಕೂ ಹೋಗಿಬಿಟ್ಟಿತು:

'ಮಂಗೋಲ್ ಮುಖದ ಮಂದಬುದ್ಧಿ ಮಗು. ಕಲಿಕೆಗೆ ಅಯೋಗ್ಯ. ಹೆಸರು ತೆಗೆದಿದೆ.'

ಅಕ್ಷರ ನನ್ನದೇ, ಪವಿತ್ರಾ. ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

'ಈಗ ಹಾಗೆ ಬರೆಯೂದಿಲ್ಲ ಸಾರ್, ಡೌನ್ ಸಿಂಡ್ರೋಮ್ ಅಂತಾರೆ. ಆಗ ನಿಮ್ಗೂ ಗೊತ್ತಿರ್ಲಿಲ್ಲ ಬಿಡಿ' ಎಂದು ಅಫ್ರೋಜನೇ ನನಗೆ ಸಮಾಧಾನ ಹೇಳಿದ. ಅಂದು ವೈದ್ಯರೂ ಹಾಗೆಯೇ ಬರೆಯುತ್ತಿದ್ದರೆನ್ನಲು ಬಾಯಿ ತೆರೆದೆ. ಆದರೆ ಹೆಸರು ತೆಗೆಯಿರೆಂದು ಯಾವ ವೈದ್ಯರೂ ಹೇಳಿರಲಿಲ್ಲ, ತೆಗೆದವನು ನಾನು.

ಪಕ್ಕದಲ್ಲಿದ್ದ ಅನೀಸಾ ಬಗ್ಗಿ, ಪುಸ್ತಕದ ಮೇಲೆ ಬೆರಳಿಟ್ಟಳು. 'ಅ... ನೀ... ಸಾ. ನಂದೇ! ನೋಡಾ ಅಫ್ರೋಜ್, ನಾನೂ ಶಾಲೆಗೆ ಬಂದಿದ್ದೆ. ನೀ ಸುಳ್ಳು ಅಂತಿದ್ದೆ!'

'ಓದಲು ಯಾರು ಕಲಿಸಿದರಮ್ಮ?' ಎಂದೆ.

'ಅಮ್ಮಿ. ಸ್ಲೇಟಲ್ಲಿ' ಎಂದು ನಕ್ಕಳು. 'ನೀವು ಕಲಿಸ್ಲಿಲ್ಲ ಅಲ್ವಾ ಮೇಷ್ಟ್ರೇ!'

'ಇಲ್ಲಮ್ಮ, ಕಲಿಸಲಿಲ್ಲ' ಎಂದೆ, ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು.

ನಿನಗೂ ಮಗುವಿಗೂ ದೇವರು ದೀರ್ಘಾಯುಷ್ಯ ಕೊಡಲಿ.

ಇತಿ,
ನಿನ್ನ ಅಪ್ಪಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದ್ದು. ಮೊದಲ ಹೆಣ್ಣುಮಗುವಿಗೆ ಮುತ್ತಜ್ಜಿಯ ಹೆಸರಿಡುವುದು ನಮ್ಮ ಮನೆಯ ರೂಢಿ. ಅಂದು ಫೋನಿನಲ್ಲಿ ನಾನು, 'ನನ್ನ ಅಮ್ಮನ ಹೆಸರನ್ನು ಆ ಮಗುವಿಗೆ ಇಡಬೇಡ' ಎಂದೆ. ನಾಮಕರಣ ಆಯಿತೆಂದು ಬಲ್ಲೆ. ಯಾವ ಹೆಸರೆಂದರೆ ನಿನ್ನ ಅಮ್ಮ 'ನೀವೇ ಕೇಳ್ಕೊಳ್ಳಿ' ಎನ್ನುತ್ತಾಳೆ. ಕೇಳುತ್ತಿದ್ದೇನೆ ಮಗಳೇ, ನನ್ನ ಮೊಮ್ಮಗಳ ಹೆಸರೇನು?