ರೀತಕ್ಕನ ನೊವೇನ

೧೨ ಅಕ್ಟೋಬರ್ ೨೦೦೭, ಶುಕ್ರವಾರ. ಗುಂಡ್ಲುಪೇಟೆ.

ಓರಗಿತ್ತಿ ರೀತಕ್ಕ ಇವತ್ತು ತಾನಾಗಿ ನನ್ನ ಹೊಸಿಲು ತುಳಿದಳು. ಎರಡನೇ ಹೆರಿಗೆಯಲ್ಲಿ ಸತ್ತು ಬದುಕಿ ನಾನು ಮತ್ತೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಾಗ, "ಪಾಪ ಮಾಡ್ದೋಳು ಜಪ ಯೋಳ್ಕೊಡೋದು ಬ್ಯಾಡ" ಎಂದು ಎಲ್ಲ ಹೆಂಗಸರೆದುರು ನನ್ನ ಕೈಯಿಂದ ಜಪಮಾಲೆ ಕಿತ್ತುಕೊಂಡವಳು ಇವಳೇ.

ಹಳೇ ಲ್ಯಾಟಿನ್ ಪೂಜೆ ಬಿಡದ, ಬಸಿರು ತಡೆಯುವುದೇ ಪಾಪ ಎನ್ನುವ ನಮ್ಮ ಕಥೋಲಿಕರ ಗುಂಪು ಆಗ ನಾಲ್ಕೇ ಮನೆ. ಈಗ ಚಾಪೆ ಸಾಲದಷ್ಟು ಮಕ್ಕಳು. ಏಳು ಅವಳವೇ. ಪ್ರತಿ ಭಾನುವಾರ ಅವರನ್ನು ಮುಂದೆ ಕೂರಿಸಿ, ಹಿಂದಿನ ಸಾಲಿನಲ್ಲಿರುವ ನನ್ನ ಕಡೆ ತಿರುಗಿ ನೋಡುತ್ತಾಳೆ.

"ನಮ್ ಲೂರ್ದಿಗೆ ಮೂರ್ನೇ ಬಸ್ರು ನಿಲ್ಲಲಿ ಅಂತ ದಿನಕ್ಕೊಂದ್ ಮನೇಲಿ ಒಂಬತ್ ದಿನದ ನೊವೇನ ಜಪ ಮಾಡುಸ್ತಾ ಇವ್ನಿ ಕಣಮ್ಮಿ. ನಾಳೆ ನಿಮ್ಮನೇದು. ಇಲ್ಲ ಅನ್ಬ್ಯಾಡ" ಎಂದಳು ಇವತ್ತು.

ನಗು ತಡೆದು ತಡೆದು ಪಕ್ಕೆ ನೋಯಿತು. ಹೋದ ತಿಂಗಳು ಅವಳ ಹಿರಿಮಗಳು ಅದೇ ಲೂರ್ದಿ ನಮ್ಮ ಹಿತ್ತಲಿಗೆ ಬಂದು, "ಚಿಕ್ಕವ್ವ, ಇನ್ನ ನನ್ ಕೈಲಾಗಕಿಲ್ಲ. ಅವ್ವಂಗೆ ಯೋಳ್ಬ್ಯಾಡಿ" ಎಂದು ಅತ್ತಿದ್ದಳು. ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಕಾಪರ್ ಟಿ ಹಾಕಿಸಿದವಳು ನಾನೇ.

ಹುಡುಗಿಯ ಮೇಲಿನ ಕರುಣೆಗೋ, ತಾಯಿಯ ಮೇಲಿನ ಹಗೆಗೋ? ಎರಡಕ್ಕೂ. ಆದರೆ ಬಾಯಲ್ಲಿ ಇನ್ನೂ ನಿಂತಿರುವುದು ಹಗೆಯ ರುಚಿಯೇ.

ಒಪ್ಪಿದೆ. ನಮ್ಮ ಮನೆಯಲ್ಲಿ ಜಪ ಹೇಳಿಕೊಡುವವಳು ನಾನೇ ಎಂದೆ. ರೀತಕ್ಕ ತುಟಿ ಕಚ್ಚಿ, "ಆಯ್ತು" ಅಂದಳು. ನಾಳೆ ಅವಳು ಮೊಣಕಾಲೂರಿ ನನ್ನ ಪ್ರತಿ ಮಾತಿಗೂ ಆಮೆನ್ ಅನ್ನಬೇಕು. ಫಲ ಸಿಗದಿದ್ದರೆ ಮುಂದಿನ ತಿಂಗಳು ಇನ್ನೊಂದು ನೊವೇನ ಮಾಡೋಣ ಎಂದು ನಾನೇ ಹೇಳುತ್ತೇನೆ. ಅದರ ಮುಂದಿನ ತಿಂಗಳೂ.

ಕಾಫಿಪುಡಿ ಮುಗಿದಿದೆ. ಬೆಳಿಗ್ಗೆ ಜಾಸ್ತಿಯೇ ತರಿಸಬೇಕು.