ಸಿಂಚನಾ ಬರೆದ ಅಮ್ಮ

ಶೈಲಕ್ಕ,

ನಾನು ನಿಮ್ಮನ್ನು ನೋಡಿದವಳಲ್ಲ. ನೀವು ತೀರಿಹೋಗಿ ವರ್ಷವಾದ ಮೇಲೆ ಹಾಲೇಶ್ ಅವರನ್ನು ಮದುವೆಯಾಗಿ ಈ ಮನೆಗೆ ಬಂದೆ. ಆಗ ನಿಮ್ಮ ಸಿಂಚನಾಳಿಗೆ ಎರಡು ವರ್ಷ, ಈಗ ಒಂಬತ್ತು.

ಇವತ್ತು ಅವಳ ಶಾಲೆಯಲ್ಲಿ ಮಕ್ಕಳ ಚಿತ್ರಗಳನ್ನು ಇಟ್ಟಿದ್ದರು. ಸಿಂಚನಾ ‘ತಾಯಿ ಮಗು’ ಬರೆದಿದ್ದಾಳೆ, ಬಂದು ನೋಡಿ ಎಂದು ಮೇಡಂ ಫೋನ್ ಮಾಡಿದರು. ಹೊಳಲ್ಕೆರೆ ಮುಟ್ಟುವವರೆಗೂ ಬಸ್ಸಿನಲ್ಲಿ ನನಗೆ ಒಂದೇ ದಿಗಿಲು. ಯಾರಾದರೂ ಅವಳಿಗೆ ನಿಮ್ಮ ವಿಷಯ ಹೇಳಿಬಿಟ್ಟಿದ್ದರೆ? ಅಲ್ಲಿ ನಿಮ್ಮ ಮುಖವೇ ಇದ್ದರೆ?

ಚಿತ್ರದಲ್ಲಿ ಒಬ್ಬ ಹೆಂಗಸು ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಮಗು ಕಣ್ಣು ಮುಚ್ಚಿ ಅವಳ ಮೊಣಕಾಲಿಗೆ ಒರಗಿತ್ತು.

“ನಿಮ್ಮನ್ನೇ ಬರದವಳೆ ನೋಡ್ರಿ, ಮೂಗಿನ ಪಕ್ಕದ ಮಚ್ಚೇನೂ ಬಿಟ್ಟಿಲ್ಲ,” ಅಂದರು ಮೇಡಂ.

ನಾನು ಹಿಗ್ಗಬೇಕಿತ್ತು. ಆಗಲಿಲ್ಲ. ಈ ಮನೆಗೆ ಬಂದ ವಾರವೇ ಗೋಡೆಯ ಮೇಲಿದ್ದ ನಿಮ್ಮ ಫೋಟೊ ಇಳಿಸಿ ಬೀರುವಿನ ತಳಕ್ಕೆ ಸೇರಿಸಿದವಳು ನಾನೇ. ನೋಡಿದರೆ ಮಗು ಅಳುತ್ತದೆ ಎಂದು ಎಲ್ಲರಿಗೂ ಹೇಳಿದೆ. ನಿಜವಾಗಿ ಅದು ಒಮ್ಮೆಯೂ ಅತ್ತಿರಲಿಲ್ಲ.

ಮನೆಗೆ ಬಂದವಳೇ ಆ ಫೋಟೊ ತೆಗೆದು ಸಿಂಚನಾಳ ಮುಂದಿಟ್ಟೆ. ತುಂಬಾ ಹೊತ್ತು ನೋಡಿದಳು.

“ಇವ್ರು ಯಾರಮ್ಮ?”

ಎಲ್ಲವನ್ನೂ ಹೇಳಬೇಕೆಂದೇ ಬಾಯಿ ತೆರೆದೆ. “ನಮ್ಮಕ್ಕ ಕಣೆ,” ಅಂದುಬಿಟ್ಟೆ.

ಈಗ ನನ್ನ ಪಕ್ಕದಲ್ಲೇ ಕೂತು ನಿಮ್ಮ ಚಿತ್ರ ಬರೆಯುತ್ತಿದ್ದಾಳೆ. “ದೊಡ್ಡಮ್ಮಂಗೆ ಮಕ್ಕಳಿರ್ಲಿಲ್ವೇನಮ್ಮ?” ಎಂದು ಎರಡು ಸಲ ಕೇಳಿದಳು.

ಮೂರನೇ ಸಲ ಕೇಳುವ ಮೊದಲು ಇದನ್ನು ನಿಮಗೆ ಬರೆಯುತ್ತಿದ್ದೇನೆ, ಅಕ್ಕಾ.