ಸಿಂದಗಿ ಪುಟದ ನೀಲಿ ಮಸಿ

ಪ್ರಾಜೆಕ್ಟ್ ಕಾಲೊನಿ, ಆಲಮಟ್ಟಿ
ರವಿವಾರ, ತಾ. ೯-೩-೧೯೭೫

ಪ್ರೀತಿಯ ಅಣ್ಣಾ,

ತಮ್ಮ ಧೂಳಪ್ಪ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದಾನೆ ಎಂದು ತಿಳಿ. ನಿನ್ನ ಪ್ರಕೃತಿ ಹೇಗಿದೆ? ಪತ್ರದ ಪದ್ಧತಿ ಅಂತ ಕೇಳುತ್ತಿಲ್ಲ, ಖರೇನೇ ಕೇಳುತ್ತಿದ್ದೇನೆ. ಊಟ ಸೇರುತ್ತದೆಯೋ ಇಲ್ಲವೋ, ಕುರಿಗಳ ಹಿಂದೆ ನಡೆದರೆ ಮೊದಲಿಗಿಂತ ದಣಿವಾಗುತ್ತದೆಯೋ? ಅತ್ತಿಗೆ ಶೇವಂತೆವ್ವ ಆರಾಮ ಇದ್ದಾಳೋ? ಈ ಸಲ ಮರಿಗಳು ಎಷ್ಟು ಉಳಿದವು, ಹೇರು ಹೊರುವ ಕುದುರೆಯ ಕಾಲಿನ ಬಾವು ಇಳಿಯಿತೋ? ನೀವು ಈಗ ಇಂಡಿ ತಾಲೂಕಿನ ಯಾರ ಹೊಲದಲ್ಲಿ ಕುರಿ ನಿಲ್ಲಿಸಿದ್ದೀರೋ ನನಗೆ ತಿಳಿಯದು. ಅದಕ್ಕೇ ಇಂಡಿಯ ಬಾಬುಲಾಲ ಭಾಯಿಯ ಚಹಾದಂಗಡಿಗೆ ಈ ಪತ್ರ ಹಾಕುತ್ತಿದ್ದೇನೆ. ಸಂತೆಗೆ ಬಂದಾಗ ಯಾವಾಗಿನಂತೆ ಅವರೇ ನಿನಗೆ ಓದಿ ಹೇಳಲಿ. ಬಾಬುಲಾಲ ಭಾಯಿ, ನಿಮಗೂ ಸಲಾಮ. ಇದರಲ್ಲಿ ನಾಲ್ಕು ಜನರ ಮುಂದೆ ಆಡಬಾರದ ಮಾತು ಬಹಳ ಬರುತ್ತವೆ. ಅಂಗಡಿಯಲ್ಲಿ ಮಂದಿ ಇದ್ದರೆ ಅಣ್ಣನನ್ನು ಹಿಂದಿನ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ ಓದಿರಿ. ಕಾರ್ಡಿನಲ್ಲಿ ಬರೆದರೆ ಅಂಚೆಯವನೂ ಓದುತ್ತಾನೆಂದು ಪಾಕೀಟು ತಂದಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನ ಅಕ್ಷರ, ತಿಳಿಯದಿದ್ದಲ್ಲಿ ಅಂದಾಜಿನ ಮೇಲೆ ಓದಿಕೊಳ್ಳಿರಿ.

ಅಣ್ಣಾ, ಗಾಬರಿಯಾಗಬೇಡ. ಅವ್ವ ಚೆನ್ನಾಗಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಅವಳು ಹೊರಗೆ ಕಟ್ಟೆಯ ಮೇಲೆ ಕುಳಿತು ಕಸ್ತೂರೆವ್ವನ ರೊಟ್ಟಿ ದಪ್ಪವಾಗಿವೆ ಎಂದು ಬೈಯುತ್ತಿದ್ದಾಳೆ. ಬೈಸಿಕೊಳ್ಳುತ್ತಿರುವ ನನ್ನ ಹೆಂಡತಿ ಒಳಗೆ ನಗುತ್ತಿದ್ದಾಳೆ. ಎರಡು ತಿಂಗಳ ಹಿಂದೆ ಆ ಬೈಗುಳ ಇನ್ನೊಮ್ಮೆ ಕೇಳುತ್ತೇವೆ ಎಂಬ ಖಾತ್ರಿ ನಮ್ಮಿಬ್ಬರಿಗೂ ಇರಲಿಲ್ಲ. ಸಂಕ್ರಾಂತಿಯ ಮೊದಲು ನಾನು ಹಾಕಿದ ಕಾರ್ಡಿನಲ್ಲಿ ಅವ್ವನ ಪಾದ ಉಳುಕಿದೆ ಎಂದಷ್ಟೇ ಬರೆದಿದ್ದೆ. ಅದು ಸುಳ್ಳಲ್ಲ, ಆದರೆ ಪೂರಾ ಅಲ್ಲ. ಅವ್ವ ತನ್ನ ತಲೆಯ ಮೇಲೆ ನನ್ನ ಕೈ ಇರಿಸಿಕೊಂಡು ಆಣೆ ಮಾಡಿಸಿದ್ದಳು: "ಅವಂಗ ಹೇಳಬ್ಯಾಡ. ಕುರಿ ಅಲ್ಲೇ ಬಿಟ್ಟು ಓಡಿ ಬರ್ತಾನ." ಈಗ ಆ ಆಣೆಯನ್ನು ಅವಳೇ ಬಿಡಿಸಿದ್ದಾಳೆ, ಅದಕ್ಕೆ ಕಾರಣ ನೀನೇ. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ನನ್ನ ಕೈ ಮುಂದೆ ಓಡುವುದಿಲ್ಲ.

ದೀಪಾವಳಿ ಮುಗಿದು ನೀವು ಕುರಿ ಹೊಡೆದುಕೊಂಡು ಹೋದ ಮೇಲೆ ಅವ್ವ ದೇವಣಗಾಂವದ ಮನೆಗೆ ಕೀಲಿ ಹಾಕಿ ನನ್ನ ಹತ್ತಿರ ಬಂದಳಲ್ಲ. ನನ್ನ ಕ್ವಾರ್ಟರ್ಸಿನಲ್ಲಿ ಪಾಯಖಾನೆ ಮನೆಯೊಳಗೇ ಇದೆ, ಅಡಿಗೆಮನೆಯಿಂದ ಆರು ಹೆಜ್ಜೆ. ಬಿಳಿ ಪಿಂಗಾಣಿಯದು, ಮೇಲೆ ಒಂದು ಕಿಟಕಿ, ಹಗಲೆಲ್ಲ ಬೆಳಕು. ಅದನ್ನು ನೋಡಿದ ಮೊದಲ ದಿನವೇ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಉಣ್ಣುವ ಮನೆಯಲ್ಲಿ ಇದನ್ನು ಕಟ್ಟಿದವರು ಎಂಥ ಮನುಷ್ಯರೋ ಅಂದಳು. ಆಮೇಲೆ ಒಂದೂವರೆ ತಿಂಗಳು ಆ ಬಾಗಿಲು ಮುಟ್ಟಲಿಲ್ಲ. ಮಗ್ಗುಲ ಮನೆಯ ಸಗೀರಾಳನ್ನು ಎಬ್ಬಿಸಿಕೊಂಡು, ನಸುಕು ಹರಿಯುವ ಮೊದಲೇ ನೀರಿನ ಚರಗಿ ಹಿಡಿದು ಕಾಲೊನಿಯ ಆಚೆ ಕಲ್ಲಿನ ಗುಡ್ಡೆಗಳ ಕಡೆ ಹೋಗುವಳು. ಅಲ್ಲಿ ಹಾವು ಇರುತ್ತವೆ, ಆಣೆಕಟ್ಟಿನ ಕೆಲಸಕ್ಕೆ ಸುರಂಗ ಹಾರಿಸಿ ಒಡೆದ ಕಲ್ಲು ಸಡಿಲು ಇರುತ್ತವೆ ಎಂದು ನಾನು ದಿನಾ ಹೇಳುತ್ತಿದ್ದೆ. ನನ್ನ ಮಾತು ಯಾರು ಕೇಳಬೇಕು? ಹಲ್ಲಿ ಲೊಚಗುಟ್ಟಿದರೂ ಬೆವರುವವನು ಎಂದು ಚಿಕ್ಕಂದಿನಿಂದ ನನಗೆ ಹೆಸರಿಟ್ಟವನು ನೀನೇ. ಕೊನೆಗೆ ಡಿಸೆಂಬರದಲ್ಲಿ ಒಂದು ಕಲ್ಲು ಜಾರಿ ಅವಳ ಪಾದ ಹೊರಳಿತು. ನೆಲಕ್ಕೆ ಊರಲು ಬಾರದ ಹಾಗೆ ಬಾತುಕೊಂಡಿತು. ಬೇರೆ ದಾರಿ ಇರಲಿಲ್ಲ, ಕಸ್ತೂರೆವ್ವನ ಹೆಗಲು ಹಿಡಿದು, ದೇವರ ಹೆಸರು ಹೇಳುತ್ತ ಆ ಬಾಗಿಲು ದಾಟಿದಳು.

ಮೂರನೆಯ ದಿನ ಒಳಗಿನಿಂದ ಅವ್ವ ಕೂಗಾಡುವುದು ಕೇಳಿಸಿತು. "ಯಾರಬೇ ಇಲ್ಲಿ ಎಲಿ ತಿಂದು ಉಗುಳಿದವರು? ಕುಂಡ್ರೂ ಜಾಗಾದಾಗ ಉಗುಳತಾರೇನ?" ಮನೆಯಲ್ಲಿ ಎಲೆ ಅಡಿಕೆ ತಿನ್ನುವವಳು ಅವಳೊಬ್ಬಳೇ. ಆದರೂ ಸೊಸೆಗೆ ಬೈದಳು, ನನಗೆ ಬೈದಳು, ಪಾಪ ಸಗೀರಾಳ ಮೇಲೂ ಸಂಶಯಪಟ್ಟಳು. ಕಸ್ತೂರೆವ್ವ ಪಿಂಗಾಣಿಯನ್ನು ತಿಕ್ಕಿ ತೊಳೆದಳು. ಮರುದಿನ ಮತ್ತೆ ಅದೇ ಕೂಗಾಟ, ಮತ್ತೆ ತಿಕ್ಕಿ ತೊಳೆದಳು. ಅದರ ಮರುದಿನ ಮುಂಜಾನೆ ಬಿಸಿಲು ಬಂದ ಮೇಲೆ ತಾನೇ ಮೊದಲು ಒಳಗೆ ಹೋಗಿ ಎಲ್ಲ ಬೆಳ್ಳಗಿದೆ ಎಂದು ನೋಡಿ ಬಂದು, ಅವ್ವನನ್ನು ಕಳಿಸಿ, ಬಾಗಿಲ ಹೊರಗೆ ನಿಂತಳು. ಅವ್ವ ಹೊರಗೆ ಬಂದ ಮೇಲೆ ಒಳಗೆ ಇಣುಕಿ ನೋಡಿ ಮೆಲ್ಲಗೆ ಅಂದಳು: "ಅತ್ತೀ, ಎಲಿ ಅಲ್ರೀ ಇದು. ರಗತ."

ನನಗೆ ಅಪ್ಪ ಕಣ್ಣ ಮುಂದೆ ಬಂದ. ಅಪ್ಪನಿಗೆ ಎರಡು ವರ್ಷ ಹೀಗೇ ಹೋಗುತ್ತಿತ್ತೆಂದು ನಮಗೆ ತಿಳಿದದ್ದು ಕೊನೆಯ ತಿಂಗಳಲ್ಲಿ. ಮೂಲವ್ಯಾಧಿ ಅಂದ, ಮಜ್ಜಿಗೆ ಕುಡಿದ, ಸುವರ್ಣಗಡ್ಡೆ ಬೇಯಿಸಿ ತಿಂದ, ಸಂತೆಯಲ್ಲಿ ಮಾರುವವನ ಹತ್ತಿರ ಮೂಲವ್ಯಾಧಿಯ ಉಂಗುರ ತಂದು ಬೆರಳಿಗೆ ಹಾಕಿಕೊಂಡ. ಹೊಟ್ಟೆ ಉಬ್ಬಿದ ಮೇಲೆ ನಾವಿಬ್ಬರೂ ಬಂಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಒಯ್ದಾಗ, ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಬಂಡಿ ಹೊಳ್ಳಿಸಿರಿ ಅಂದದ್ದು ನಿನಗೂ ನೆನಪಿರಬೇಕು. ಆ ಬಂಡಿ ಹೊಳ್ಳಿಸಿದ ಸಪ್ಪಳ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅವ್ವನೂ ಮೂಲವ್ಯಾಧಿ ಇರಬೇಕು, ಎಂಟು ದಿನ ಮಜ್ಜಿಗೆ ಕುಡಿದು ನೋಡೋಣ ಅಂದಳು. ನಾನು ಎಂಟು ತಾಸೂ ತಡೆಯಲಿಲ್ಲ. ಸಾಹೇಬರ ಮುಂದೆ ನಿಂತು ಅತ್ತು ರಜೆ ಪಡೆದು, ಮರುದಿನವೇ ಸೊಲ್ಲಾಪುರದ ಗಾಡಿ ಹಿಡಿದೆವು. ಜನ್ಮದಲ್ಲಿ ಒಮ್ಮೆ ನನ್ನ ಅಂಜಿಕೆ ಉಪಯೋಗಕ್ಕೆ ಬಂತು ಅಣ್ಣಾ.

ಅಲ್ಲಿ ರಾಘವೇಂದ್ರ ಎಂಬ ಡಾಕ್ಟರರು ನೋಡಿದರು. ಅವರ ತಾಯಿ ಇಂಡಿಯವರಂತೆ, ಮರಾಠಿ ಮಾತಾಡಿದಷ್ಟೇ ಸರಾಗ ಕನ್ನಡ. ಬೆರಳಿನಿಂದ ಪರೀಕ್ಷೆ ಮಾಡಿ, ಆಮೇಲೆ ಒಂದು ಕೊಳವೆ ಹಾಕಿ ದೀಪದಿಂದ ನೋಡಿ, ಕರುಳಿನೊಳಗೆ ಗಂಟು ಇದೆ ಅಂದರು. ಕ್ಯಾನ್ಸರ್ ಅಂದರು. ಆ ಶಬ್ದವನ್ನು ಬರೆಯಲು ನನ್ನ ಕೈ ಇಷ್ಟು ಹೊತ್ತು ಅಂಜಿತು. ಆದರೆ ಗಂಟು ಸಣ್ಣದು, ಕೊಯ್ದು ತೆಗೆದು ಕರುಳನ್ನು ಹೊಳ್ಳಿ ಕೂಡಿಸಬಹುದು, ಹೊಟ್ಟೆಗೆ ಚೀಲ ಕಟ್ಟುವ ಪ್ರಸಂಗ ಬರಲಿಕ್ಕಿಲ್ಲ ಎಂದರು. ಸಂಕ್ರಾಂತಿಯ ಮರುವಾರ ಆಪರೇಶನ್ ಆಯಿತು. ಮೂರು ವಾರ ದವಾಖಾನೆಯ ಪಡಸಾಲೆಯಲ್ಲಿ ನಾನು ಮಲಗಿದೆ. ಅವ್ವನ ಬಾಜೂ ಹಾಸಿಗೆಗೆ ಮುದ್ದೇಬಿಹಾಳ ಕಡೆಯ ಸುಂದರವ್ವ ಎಂಬಾಕೆ ಇದ್ದಳು, ಅವ್ವನಿಗಿಂತ ಹತ್ತು ವರ್ಷ ಸಣ್ಣವಳು, ಬೇನೆ ಅದೇ. ಅವ್ವನಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿ ತಿಳಿದುಕೊಂಡ ಮೇಲೆ ಸುಂದರವ್ವ ಅವ್ವನನ್ನು "ಪಿಂಗಾಣಿ ಸಾವುಕಾರ್ತಿ" ಎಂದೇ ಕರೆಯುತ್ತಿದ್ದಳು. ಸಾವುಕಾರ್ತಿ ಎದ್ದಳೇನು, ಸಾವುಕಾರ್ತಿಗೆ ಗಂಜಿ ಕೊಡ್ರಿ ಎಂದು ನರ್ಸಬಾಯಿಗಳನ್ನೂ ನಗಿಸುವಳು. ಸುಂದರವ್ವನ ಹೊಟ್ಟೆಯನ್ನು ಕೊಯ್ದವರು ಏನನ್ನೂ ತೆಗೆಯಲಾಗದೆ ಹಾಗೇ ಹೊಲಿದಿದ್ದರು. ಮನೆಯವರು ಕರೆದೊಯ್ಯಲು ಬಂದ ದಿನ ಅವ್ವ ತನ್ನ ಹೊಸ ಕೌದಿಯನ್ನು ಅವಳ ಮೇಲೆ ಹೊದಿಸಿ ಕಳಿಸಿದಳು. ಆ ಕೌದಿ ಎಲ್ಲಿ ಎಂದು ನೀನು ಮುಂದೆ ಕೇಳಬೇಡ.

ಮೊನ್ನೆ ಗುರುವಾರ ಮತ್ತೆ ತೋರಿಸಲು ಹೋಗಿದ್ದೆವು. ಕೊಯ್ದ ತುಂಡನ್ನು ಮುಂಬಯಿಗೆ ಪರೀಕ್ಷೆಗೆ ಕಳಿಸಿದ್ದರು, ಅದರ ಕಾಗದ ಬಂದಿತ್ತು. ಗಂಟು ಕರುಳಿನ ಗೋಡೆಯೊಳಗೇ ಇತ್ತು, ಎಲ್ಲಿಯೂ ಹಬ್ಬಿರಲಿಲ್ಲ, ಅಂಚುಗಳು ಸ್ವಚ್ಛ ಇವೆ ಎಂದು ಅದರಲ್ಲಿದೆಯಂತೆ. ನಾನು ಮೂರು ಸಲ ಕೇಳಿದೆ. ಡಾಕ್ಟರರು ನಕ್ಕು, "ಧೂಳಪ್ಪ, ನಿಮ್ಮ ತಾಯೀಗಿಂತ ನೀವೇ ಪೇಶಂಟ್ ಕಾಣ್ತೀರಿ" ಅಂದರು. ಇನ್ನು ಮೂರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತು ಅತ್ತುಬಿಡೋಣ ಅನಿಸಿತು, ಅಷ್ಟರಲ್ಲಿ ಅವರು ಒಂದು ದೊಡ್ಡ ವಹಿ ತೆಗೆದರು.

ಈ ಬೇನೆಯವರದನ್ನು ಅವರು ತಾಲೂಕಿಗೊಂದು ಪುಟ ಮಾಡಿ ಬರೆದಿಡುತ್ತಾರೆ. ವೇಳೆಗೆ ಸರಿಯಾಗಿ ಬಂದವರ ಹೆಸರು ನೀಲಿ ಮಸಿಯಲ್ಲಿ, ಕೈಮೀರಿದ ಮೇಲೆ ಬಂದವರದು ಕೆಂಪಿನಲ್ಲಿ. ಸೊಲ್ಲಾಪುರ ಪೇಟೆಯ ಪುಟದಲ್ಲಿ ನೀಲಿಯೇ ಹೆಚ್ಚು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಪುಟಗಳು ಕುಂಕುಮ ಚೆಲ್ಲಿದ ಹಾಗೆ ಇದ್ದವು. ನಾವು ಬಂದದ್ದು ಆಲಮಟ್ಟಿಯಿಂದ ಎಂದು ಅವರು ಬಾಗೇವಾಡಿಯ ಪುಟ ತೆರೆದರು. ಅವ್ವ ತಡೆದಳು, ತಾನು ದೇವಣಗಾಂವದವಳು, ಸಿಂದಗಿಯಲ್ಲೇ ಬರೆಯಬೇಕು ಎಂದು ಹಟ ಹಿಡಿದಳು. ಸಿಂದಗಿ ಪುಟದಲ್ಲಿ ಒಂದೂ ನೀಲಿ ಇರಲಿಲ್ಲ. ಅವ್ವನ ಹೆಸರು ಸಾತವ್ವ ಎಂದು ನೀಲಿ ಮಸಿಯಲ್ಲಿ ಬರೆಯುವುದನ್ನು ನಾನು ಕಣ್ಣಾರೆ ನೋಡಿದೆ.

ಬರೆದು ಮುಗಿಸಿ ಅವರು ನಮಗೆ ಹೇಳಿದರೋ ತಮಗೇ ಹೇಳಿಕೊಂಡರೋ: "ಬ್ಯಾನಿ ಎರಡೂ ಕಡಿ ಅದೇ ಅದ. ನಿಮ್ಮ ಕಡಿಯವರು ಬರೂದರಾಗ ಹೊಟ್ಟಿ ತುಂಬ ಹಬ್ಬಿರ್ತದ. ಯಾಕಂತ ತಿಳಿವಲ್ತು ನೋಡ್ರಿ." ದೂರ ಅನ್ನೋಣವೆಂದರೆ ಇಂಡಿ ಕಡೆಯವರಿಗೆ ರೈಲು ಹತ್ತಿರ, ಮುದ್ದೇಬಿಹಾಳದವರಿಗೆ ದೂರ, ಆದರೂ ಎರಡೂ ಪುಟ ಒಂದೇ ಬಣ್ಣ. ಖಾರ, ಜೋಳದ ರೊಟ್ಟಿ ಅನ್ನೋಣವೆಂದರೆ ಸೊಲ್ಲಾಪುರದವರು ತಿನ್ನುವುದೂ ಅದನ್ನೇ. ಅವ್ವ ಸೆರಗು ಸರಿ ಮಾಡಿಕೊಂಡಳು. ಅಷ್ಟು ದೊಡ್ಡ ಮನುಷ್ಯರ ಮುಂದೆ ಅವಳು ಬಾಯಿ ಬಿಡುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ.

"ನಮ್ಮ ಕಡಿ ನಸಿಕಿನಾಗ ಚರಗಿ ತಗೊಂಡು ಹೋಗತೀವ್ರಿ ಸಾಹೇಬ್ರ. ಎರಿ ಹೊಲ. ಕತ್ತಲದಾಗ, ಕರೀ ಮಣ್ಣಾಗ, ಕೆಂಪು ಹ್ಯಾಂಗ ಕಾಣಬೇಕ್ರಿ?"

ಡಾಕ್ಟರರು, ಗಂಡಸರು ಹಗಲೂ ಹೋಗುತ್ತಾರಲ್ಲ, ಅವರಿಗೆ ಕಾಣಬೇಕಲ್ಲ ಎಂದು ಕೇಳಿದರು.

"ಕಾಣತೈತ್ರಿ," ಅಂದಳು ಅವ್ವ. "ಕಂಡ್ರ ಉಂಗುರ ಹಾಕ್ಕೋತಾರ."

ಡಾಕ್ಟರರು ಆ ಪುಟದ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಏನೋ ಉದ್ದವಾಗಿ ಬರೆದುಕೊಂಡರು. ಗಾಡಿಯಲ್ಲಿ ಬರುವಾಗ ಇಂಡಿ ರೋಡ್ ಸ್ಟೇಷನ್ ದಾಟುವವರೆಗೂ ಅವ್ವ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು, ಎಲ್ಲಾದರೂ ನಿಮ್ಮ ಕುರಿ ಕಾಣುತ್ತವೆಯೋ ಎಂದು. ಆಮೇಲೆ ನನ್ನ ಕಡೆ ತಿರುಗಿ, ಅಣ್ಣನಿಗೆ ಎಲ್ಲ ಬರೆ, ಆಣೆ ಬಿಟ್ಟಿದ್ದೇನೆ ಅಂದಳು. ಇನ್ನೊಂದು ಮಾತೂ ಅಂದಳು.

ಕಾಗದ ಮುಗಿಯುತ್ತ ಬಂತು. ಅತ್ತಿಗೆಗೆ ಕಸ್ತೂರೆವ್ವ ಶರಣು ಹೇಳಿದ್ದಾಳೆ. ಅವ್ವ ನಿಮ್ಮಿಬ್ಬರಿಗೂ, ನಿಮ್ಮ ಕುರಿಗಳಿಗೂ, ಕುಂಟು ಕುದುರೆಗೂ ಆಶೀರ್ವಾದ ಹೇಳಿದ್ದಾಳೆ. ನಾನು ಆರಾಮ, ನಿದ್ದೆ ಬರುತ್ತಿದೆ. ಬಿಸಿಲಿನಲ್ಲಿ ತಲೆಗೆ ರುಮಾಲು ಬಿಡಬೇಡ.

ನಿನ್ನ ಅಂಜುಬುರುಕ ತಮ್ಮ
ಧೂಳಪ್ಪ

ತಾ.ಕ.: ಬಾಬುಲಾಲ ಭಾಯಿ, ಇದಷ್ಟನ್ನು ಮೆಲ್ಲಗೆ ಓದಿರಿ. ಅಣ್ಣಾ, ಅವ್ವ ಗಾಡಿಯಲ್ಲಿ ಅಂದದ್ದು ಇದು: "ಅಪ್ಪನ ಉಂಗುರ ಅವನ ಬಟ್ಟಿನಾಗ ಯಾಕ ಐತಿ ಕೇಳು." ದೀಪಾವಳಿಯಲ್ಲಿ ನಿನ್ನ ಬೆರಳಿನಲ್ಲಿ ಅದನ್ನು ನೋಡಿ ನಾನು ಕೇಳಿದಾಗ, ನೆನಪಿಗೆ ಹಾಕಿಕೊಂಡಿದ್ದೇನೆ ಎಂದು ನೀನು ಅಂದೆ. ಆದರೆ ಅದೇ ದಿನ ನೀನು ಕೆಂಪು ಚಟ್ನಿ ಒಲ್ಲೆನೆಂದು ಬರೀ ಮಜ್ಜಿಗೆಯಲ್ಲಿ ರೊಟ್ಟಿ ಉಂಡೆ, ಒಂದು ಮಗ್ಗುಲಾಗಿ ಕುಳಿತೆ. ಅದನ್ನು ನೋಡಿಯೂ ಮತ್ತೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಬರೀ ನೆನಪೇ ಆಗಿದ್ದರೆ ನನ್ನನ್ನು ಬಾಯಿಗೆ ಬಂದಂತೆ ಬೈದು ಒಂದು ಕಾರ್ಡು ಬರೆಸಿ ಹಾಕು, ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ. ಬೇರೆ ಏನಾದರೂ ಇದ್ದರೆ ಕಾರ್ಡು ಬೇಡ, ನೀನೇ ಬಾ. ಒಂದು ಕುರಿಯ ಹಿಕ್ಕೆಯ ಬಣ್ಣ ತಿರುಗಿದರೂ ಅದನ್ನು ಆ ದಿನವೇ ಹಿಂಡಿನಿಂದ ಬೇರೆ ಕಟ್ಟುವವನು ನೀನು. ಕೇಳಿದವರಿಗೆ ಅವ್ವನ ಕಾಲು ನೋಡಲು ಹೊರಟಿದ್ದೇನೆ ಅನ್ನು, ಯಾರಿಗೂ ಸಂಶಯ ಬರುವುದಿಲ್ಲ. ಎರಡು ದಿನ ಅತ್ತಿಗೆಯ ತಮ್ಮ ಕುರಿ ಕಾಯಲಿ. ಇನ್ನು ಮೇಲೆ ಪ್ರತಿ ಶನಿವಾರ ಗಾಡಿಯ ವೇಳೆಗೆ ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ. ಅವ್ವ ಇವತ್ತು ಮುಂಜಾನೆ ಕಸ್ತೂರೆವ್ವ ಬೇಡವೆಂದರೂ ಕೇಳದೆ ಬೂದಿ ಹಾಕಿ ಆ ಪಿಂಗಾಣಿಯನ್ನು ತಾನೇ ತಿಕ್ಕಿ ತೊಳೆದಿದ್ದಾಳೆ. ಯಾಕೆಂದು ಕೇಳಿದ್ದಕ್ಕೆ, "ನನ್ನ ಹಿರೀಮಗ ಬರ್ತಾನ" ಅಂದಳು.